300 ಮೆಗಾಬಿಟ್ ಸಂಪರ್ಕಕ್ಕೆ ನಾಲ್ಕೇ ತಂತಿ: ಬ್ರಾಡ್‌ಬ್ಯಾಂಡ್ ಸಂಸ್ಥೆಗೆ ದೂರು ಪತ್ರ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಸಂಪರ್ಕದ ವೇಗ ಮೂರನೆಯ ಒಂದು ಪಾಲಿಗೆ ನಿಂತಿರುವುದು ಮತ್ತು ಸಹಾಯವಾಣಿ ನೀಡಿದ ತಪ್ಪು ವಿವರಣೆಗಳ ಕುರಿತು.

ಮಾನ್ಯರೇ,

ನಾನು ನಿಮ್ಮಿಂದ ಸೆಕೆಂಡಿಗೆ 300 ಮೆಗಾಬಿಟ್ ವೇಗದ ಫೈಬರ್ ಸಂಪರ್ಕ ಪಡೆದಿದ್ದೇನೆ. ಹಾಕಿಸಿದ ದಿನದಿಂದ ಒಮ್ಮೆಯೂ ನನ್ನ ಕಂಪ್ಯೂಟರಿನಲ್ಲಿ ವೇಗ 94ನ್ನು ದಾಟಿಲ್ಲ. ಬೆಳಿಗ್ಗೆ ನೋಡಿದರೂ 94, ನಡುರಾತ್ರಿ ನೋಡಿದರೂ 94. ಜಾಲದ ದಟ್ಟಣೆಯೇ ಕಾರಣವಾಗಿದ್ದರೆ ಹೊತ್ತಿಗೊಂದು ಅಂಕಿ ಬರಬೇಕಿತ್ತು. ಇದನ್ನೇ ನಾಲ್ಕು ಬಾರಿ ಕರೆ ಮಾಡಿ ಹೇಳಿದೆ. ಪ್ರತಿ ಬಾರಿಯೂ ಒಂದು ತಾಂತ್ರಿಕ ಪದ ಹೇಳಿ ಕರೆ ಮುಗಿಸಿದರು.

ಮೊದಲ ಬಾರಿ ನನಗೆ ಬಿಟ್‌ಗೂ ಬೈಟ್‌ಗೂ ವ್ಯತ್ಯಾಸ ಗೊತ್ತಿಲ್ಲ ಎಂದರು. ಗೊತ್ತಿದೆ. 8 ಬಿಟ್ ಸೇರಿದರೆ ಒಂದು ಬೈಟ್. ಆ ಲೆಕ್ಕದಲ್ಲಿ 300 ಮೆಗಾಬಿಟ್ ಎಂದರೆ 37.5 ಮೆಗಾಬೈಟ್, ಕಡತ ಇಳಿಸುವಾಗ ನನಗೆ ಕಾಣುವುದು 12ಕ್ಕೂ ಕಡಿಮೆ. ಎರಡನೆಯ ಬಾರಿ ವೈಫೈಗೆ ಗೋಡೆ ಅಡ್ಡ ಬರುತ್ತದೆ, ವೈಫೈಯನ್ನು 5 ಗಿಗಾಹರ್ಟ್ಸ್ ಆವರ್ತನಕ್ಕೆ ಬದಲಾಯಿಸಿ ಎಂದರು. ನನ್ನ ಕಂಪ್ಯೂಟರಿಗೆ ಬರುವುದು ಕೇಬಲ್, ವೈಫೈ ಅಲ್ಲ. ದೂರಿನ ಮೊದಲ ಸಾಲಿನಲ್ಲೇ ಅದನ್ನು ಬರೆದಿದ್ದೆ.

ಮೂರನೆಯ ಕರೆಯಿಂದ ನಷ್ಟವೇ ಆಯಿತು. ರೂಟರನ್ನು ‘ರಿಸೆಟ್’ ಮಾಡಿ ಎಂದರು. ಹಿಂಬದಿಯಲ್ಲಿ ಅದೇ ಹೆಸರಿನ ಸಣ್ಣ ರಂಧ್ರವಿತ್ತು. ಪಿನ್ ಚುಚ್ಚಿ, ದೀಪಗಳೆಲ್ಲ ಆರುವವರೆಗೆ ಒತ್ತಿ ಹಿಡಿದೆ. ಅವರು ಹೇಳಬೇಕೆಂದಿದ್ದದ್ದು ರೀಸ್ಟಾರ್ಟ್, ಅಂದರೆ ವಿದ್ಯುತ್ ಆರಿಸಿ ಮತ್ತೆ ಹಾಕುವುದು. ರಿಸೆಟ್ ಮಾಡಿದರೆ ರೂಟರ್ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ನೀವು ತುಂಬಿದ್ದ ಬಳಕೆದಾರರ ಹೆಸರು, ಪಾಸ್‌ವರ್ಡ್ ಎಲ್ಲವೂ ಅಳಿಸಿಹೋಗುತ್ತವೆ. ಅಳಿಸಿಹೋದವು. ಮರುದಿನ ನಿಮ್ಮ ತಂತ್ರಜ್ಞರು ಬರುವವರೆಗೆ ಇಂಟರ್‌ನೆಟ್ಟೇ ಇರಲಿಲ್ಲ. ಅವರೂ ವಿವರಗಳನ್ನು ತುಂಬಿ ಹೊರಟರೇ ಹೊರತು ಕೇಬಲ್ ಕಡೆ ತಿರುಗಿಯೂ ನೋಡಲಿಲ್ಲ. ಎರಡು ಪದಗಳ ನಡುವೆ ಇಷ್ಟು ಅಂತರವಿರುವಾಗ, ಕರೆ ಸ್ವೀಕರಿಸುವವರಿಗೆ ಅದನ್ನು ತಿಳಿಸಿಕೊಡುವುದು ನಿಮ್ಮ ಹೊಣೆ.

ನಾಲ್ಕನೆಯ ಬಾರಿ ನನ್ನ ಕಂಪ್ಯೂಟರಿನ ರ‍್ಯಾಮ್ ಸಾಲದು ಎಂದರು, ಜೊತೆಗೆ 500 ಮೆಗಾಬಿಟ್ ಯೋಜನೆಗೆ ಏರಿ ಎಂದರು. ರ‍್ಯಾಮ್ ಕಡಿಮೆಯಾದರೆ ಕಂಪ್ಯೂಟರ್ ನಿಧಾನವಾದೀತು, ಆದರೆ ಜಾಲದ ವೇಗ ಹಗಲಿರುಳೂ ಒಂದೇ ಅಂಕಿಗೆ ಅಂಟಿಕೊಳ್ಳುವುದಿಲ್ಲ.

ಕೊನೆಗೆ ನಾನೇ ನೆಟ್‌ವರ್ಕ್ ಕಾರ್ಡಿನ ವಿವರ ತೆರೆದು ನೋಡಿದೆ. ಲಿಂಕ್ ವೇಗ (ಕಂಪ್ಯೂಟರಿಗೂ ರೂಟರಿಗೂ ನಡುವಿನ ಕೇಬಲ್ ಸಂಪರ್ಕದ ವೇಗ) ಎಂಬಲ್ಲಿ 100 ಮೆಗಾಬಿಟ್ ಎಂದಿತ್ತು. ಆ ಲಿಂಕಿನಲ್ಲಿ ಕೈಗೆ ಸಿಗುವುದು ಹೆಚ್ಚೆಂದರೆ 94ರ ಆಸುಪಾಸು. ನಿಮ್ಮವರು ಗೋಡೆಯ ಕೊಳವೆಯೊಳಗೆ ಎಳೆದ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದೆ. ಅಲ್ಲಿರುವ ಆರ್‌ಜೆ 45 ಕನೆಕ್ಟರ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ತುದಿ, ಪಾರದರ್ಶಕ ಪ್ಲಾಸ್ಟಿಕ್ ಆದ್ದರಿಂದ ಒಳಗಿನ ತಂತಿಗಳು ಚೆನ್ನಾಗಿ ಕಾಣುತ್ತವೆ. ಎಂಟು ಇರಬೇಕಾದಲ್ಲಿ ನಾಲ್ಕೇ ಇದ್ದವು: ಕಿತ್ತಳೆ ಜೋಡಿ, ಹಸಿರು ಜೋಡಿ. ನೀಲಿ ಮತ್ತು ಕಂದು ಜೋಡಿಗಳನ್ನು ಹೊರಕವಚದ ಅಂಚಿನಲ್ಲೇ ಕತ್ತರಿಸಿ ಬಿಟ್ಟಿದ್ದರು. 100 ಮೆಗಾಬಿಟ್ ಈಥರ್ನೆಟ್‌ಗೆ, ಅಂದರೆ ಕೇಬಲ್ ಮೂಲಕದ ಜಾಲ ಸಂಪರ್ಕಕ್ಕೆ, ಎರಡು ಜೋಡಿ ಸಾಕು. ಗಿಗಾಬಿಟ್‌ಗೆ, ಅಂದರೆ 1000 ಮೆಗಾಬಿಟ್‌ಗೆ, ನಾಲ್ಕೂ ಜೋಡಿ ಬೇಕೇ ಬೇಕು. ಈ ಕೇಬಲ್ ಇರುವವರೆಗೆ ನಾನು 500ಕ್ಕೆ ಹಣ ಕಟ್ಟಿದ್ದರೂ ಬರುತ್ತಿದ್ದದ್ದು ಅದೇ 94. ಇದು ನನಗೆ ತೀರಾ ನೋವು ತಂದ ಸಂಗತಿ.

ಕಂಪ್ಯೂಟರನ್ನು ರೂಟರಿನ ಪಕ್ಕಕ್ಕೇ ಹೊತ್ತು ತಂದು, ಎಂಟೂ ತಂತಿಗಳಿರುವ ಗಿಡ್ಡ ಕೇಬಲ್ ಹಾಕಿ ಪರೀಕ್ಷಿಸಿದೆ. ಲಿಂಕ್ ವೇಗ 1 ಗಿಗಾಬಿಟ್ ಎಂದಾಯಿತು, ಇಂಟರ್‌ನೆಟ್ ವೇಗ 291 ಬಂತು. ಎರಡೂ ಪರೀಕ್ಷೆಗಳ ಚಿತ್ರಗಳನ್ನೂ ಕನೆಕ್ಟರಿನ ಫೋಟೊವನ್ನೂ ಲಗತ್ತಿಸಿದ್ದೇನೆ.

ಗೋಡೆಯೊಳಗಿನ ಕೇಬಲ್ಲನ್ನು ನಿಮ್ಮ ಖರ್ಚಿನಲ್ಲೇ ಬದಲಾಯಿಸಿಕೊಡಿ. ಇಷ್ಟು ದಿನ ನಾನು ಹೆಚ್ಚುವರಿಯಾಗಿ ಕಟ್ಟಿದ ಶುಲ್ಕವನ್ನು ಮುಂದಿನ ಬಿಲ್ಲುಗಳಲ್ಲಿ ಕಳೆಯಿರಿ. ‘ಗ್ರಾಹಕರ ಕಂಪ್ಯೂಟರಿನಲ್ಲಿ ದೋಷ’ ಎಂದು ಬರೆದು ಮುಚ್ಚಿರುವ ನನ್ನ ದೂರಿನ ದಾಖಲೆಯನ್ನು ತಿದ್ದಿ, ತಿದ್ದಿದ ಪ್ರತಿಯನ್ನು ನನಗೆ ಕಳುಹಿಸಿ. ಇದೇ ತಂತ್ರಜ್ಞರು ಕೇಬಲ್ ಎಳೆದ ಇತರ ಮನೆಗಳಲ್ಲೂ ಕನೆಕ್ಟರುಗಳನ್ನು ಪರೀಕ್ಷಿಸಬೇಕೆಂದು ಕೇಳಿಕೊಳ್ಳುತ್ತೇನೆ; ಅಲ್ಲಿಯೂ ಯಾರಾದರೂ ವೇಗ ಸಾಲದೆಂದು ದೊಡ್ಡ ಯೋಜನೆಗೆ ಹಣ ಕಟ್ಟುತ್ತಿರಬಹುದು.

ಹದಿನೈದು ದಿನಗಳೊಳಗೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ