ಹಳೇ ಸ್ಪೋರ್ಟ್ಸ್ ಕಾರಿಗೆ ಬೆಲೆ ಕಟ್ಟುವ ಮುನ್ನ: ದೊಡ್ಡಪ್ಪನ ಪತ್ರ

ಪ್ರೀತಿಯ ಮಗೂ,

ಆಶೀರ್ವಾದಗಳು. 1972ರ ಎಂಜಿಬಿ ರೋಡ್‌ಸ್ಟರ್ ಒಂದನ್ನು ನೋಡಿಟ್ಟಿದ್ದೀಯ, ಪೋರ್ಷೆ 911 ಎಸ್‌ಸಿ ಮೇಲೂ ಆಸೆ ಇದೆ, ಹೇಳಿದ ಬೆಲೆ ನ್ಯಾಯವೋ ಅಲ್ಲವೋ ತಿಳಿಯುತ್ತಿಲ್ಲ ಎಂದು ಬರೆದಿದ್ದೀಯ. ಎರಡೂ ಕೊಳ್ಳಲು ಯೋಗ್ಯವಾದ ಕಾರುಗಳೇ. ಆದರೆ ಇಂಥ ಕಾರುಗಳಲ್ಲಿ ಮಾಡೆಲ್‌ಗೊಂದು ಬೆಲೆ ಅಂತ ಇರುವುದಿಲ್ಲ. ನಿನ್ನ ಮುಂದೆ ನಿಂತಿರುವ ಆ ಒಂದು ಕಾರಿಗೆ ಮಾತ್ರ ಬೆಲೆ ಇರುತ್ತದೆ, ಅದನ್ನು ನೀನೇ ಲೆಕ್ಕ ಹಾಕಿ ಕಂಡುಕೊಳ್ಳಬೇಕು.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೋ. ಎಂಜಿಬಿ 1962ರಿಂದ 1980ರವರೆಗೆ ತಯಾರಾಯಿತು, ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅದರ ಬಿಡಿಭಾಗಗಳಿಗೆ ಇಂದಿಗೂ ಕೊರತೆ ಇಲ್ಲ. ಕ್ಲಚ್ ಹೋದರೆ ಹೊಸದು ಹಾಕಬಹುದು, ಕಾರ್ಬ್ಯುರೇಟರ್ ಹೋದರೆ ರಿಪೇರಿ ಕಿಟ್ ಸಿಗುತ್ತದೆ, ಇಡೀ ಎಂಜಿನ್ ಬಿಚ್ಚಿ ಕಟ್ಟುವುದೂ ಲೆಕ್ಕಕ್ಕೆ ಸಿಗುವ ಕೆಲಸ. ಲೆಕ್ಕಕ್ಕೆ ಸಿಗದೆ ಬೆಳೆಯುವುದು ಬಾಡಿಯ ತುಕ್ಕು. ಒಂದು ತೂತು ಕತ್ತರಿಸಲು ಹೋದರೆ ಒಳಗೆ ಮೂರು ತೂತು ಕಾಣಿಸುತ್ತವೆ, ಕೂಲಿಯ ಗಂಟೆಗಳು ಏರುತ್ತಲೇ ಹೋಗುತ್ತವೆ. ಹಾಗಾಗಿ ಎಂಜಿನ್ ಸುಸ್ತಾಗಿದ್ದರೂ ಬಾಡಿ ಗಟ್ಟಿ ಇರುವ ಕಾರನ್ನು ಧೈರ್ಯವಾಗಿ ನೋಡು. ಹೊಳೆಯುವ ಬಣ್ಣದಡಿಯಲ್ಲಿ ತಗಡು ಕೊಳೆತಿರುವ ಕಾರು ಎಷ್ಟೇ ಅಗ್ಗವಾದರೂ ದೂರ ಇಡು.

ಎಂಜಿಬಿಗೆ ಬೇರೆ ಚಾಸಿಸ್, ಅಂದರೆ ಅಡಿಯ ಚೌಕಟ್ಟು, ಇಲ್ಲ, ಬಾಡಿಯೇ ಭಾರ ಹೊರುತ್ತದೆ. ರೋಡ್‌ಸ್ಟರ್‌ನಲ್ಲಿ ಮೇಲ್ಛಾವಣಿಯ ಬಲವೂ ಇಲ್ಲದ್ದರಿಂದ ಬಾಗಿಲ ಕೆಳಗಿನ ಸಿಲ್‌ಗಳೇ ಕಾರಿನ ಬೆನ್ನುಮೂಳೆ. ಒಂದೊಂದು ಸಿಲ್‌ನಲ್ಲೂ ಮೂರು ಪದರ ತಗಡಿದೆ: ಒಳಗಿನದು, ನಡುವಿನದು, ಹೊರಗಿನದು. ತುಕ್ಕು ನಡುವಿನ ಪದರದಲ್ಲಿ ಶುರುವಾಗುತ್ತದೆ, ಹೊರಗೆ ಕಾಣುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಜೊತೆಗೆ ಸಿಲ್‌ನ ಎರಡೂ ತುದಿಗಳು ಮುಂದಿನ ಮತ್ತು ಹಿಂದಿನ ಫೆಂಡರ್‌ನ (ಚಕ್ರದ ಮೇಲಿನ ಹೊರ ತಗಡಿನ) ಅಡಿಗೆ ಹೋಗಿ ಸೇರುತ್ತವೆ. ಸರಿಯಾಗಿ ರಿಪೇರಿ ಮಾಡಬೇಕೆಂದರೆ ಫೆಂಡರ್‌ನ ಕೆಳಭಾಗವನ್ನು ಕತ್ತರಿಸಿ, ಸಿಲ್ ಕೂರಿಸಿ, ಮತ್ತೆ ತಗಡು ಬೆಸೆಯಬೇಕು. ಅಷ್ಟು ಮಾಡಲು ಒಪ್ಪದವರು ಬಾಗಿಲಿನ ಉದ್ದಕ್ಕೆ ಮಾತ್ರ ಹೊಸ ತಗಡು ಮುಚ್ಚಿ ಬಣ್ಣ ಹೊಡೆದುಬಿಡುತ್ತಾರೆ. "ಸಿಲ್ ಹೊಸದಾಗಿ ಹಾಕಿಸಿದ್ದೇನೆ" ಎಂದು ಮಾರುವವರು ಹೇಳಿದರೆ ಫೋಟೊ ಕೇಳು. ಬಣ್ಣವಿಲ್ಲದ ಬರಿ ತಗಡು, ಕತ್ತರಿಸಿದ ಫೆಂಡರ್, ನಡುವಿನ ಪದರ, ಈ ಮೂರೂ ಫೋಟೊದಲ್ಲಿ ಕಾಣಬೇಕು. ಕಾಣದಿದ್ದರೆ ಸಿಲ್ ಹೊಸದಲ್ಲ ಎಂದೇ ಲೆಕ್ಕ ಹಾಕು.

ನೋಡುವಾಗ ಹೀಗೆ ಮಾಡು. ಬಾಗಿಲು ಮುಚ್ಚಿ, ಅದರ ಹಿಂಬದಿಯ ಸಂದನ್ನು ಮೇಲೆ, ನಡುವೆ, ಕೆಳಗೆ ಅಳೆ. ಮೇಲಿಂದ ಕೆಳಗಿನವರೆಗೆ ಅದು ಒಂದೇ ಸಮ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವಿನಲ್ಲಿ ಬಗ್ಗಿದೆ. ಆಮೇಲೆ ಅದೇ ಬದಿಯ ಜ್ಯಾಕಿಂಗ್ ಪಾಯಿಂಟ್‌ನಲ್ಲಿ ಕಾರನ್ನು ಮೇಲೆತ್ತಿಸಿ ಬಾಗಿಲು ತೆರೆದು ಮುಚ್ಚು. ಮೊದಲಿನ ಹಾಗೇ ಸಲೀಸಾಗಿ ಮುಚ್ಚಬೇಕು, ಸಂದು ಬದಲಾಗಬಾರದು. ಬಾಗಿಲು ಬಿಗಿಯಾಯಿತು ಅಥವಾ ಜ್ಯಾಕ್ ಕೆಳಗೆ ತಗಡು ಕರಕರ ಎಂದಿತು ಎಂದರೆ ಅಲ್ಲಿಗೇ ನಿಲ್ಲಿಸು. ಬಾಡಿ ಅಲುಗದಂತೆ ಅಡ್ಡಪಟ್ಟಿ ಕೊಟ್ಟು ಬಿಗಿಯದೆ ಸಿಲ್ ವೆಲ್ಡ್ ಮಾಡಿದ್ದರೆ ಆ ಬಗ್ಗಿದ ಆಕಾರವೇ ಖಾಯಂ ಆಗಿರುತ್ತದೆ, ಅದನ್ನು ಆಮೇಲೆ ತಿದ್ದುವುದು ಬಹಳ ಕಷ್ಟ.

ನಂತರ ಟಾರ್ಚ್ ಹಿಡಿದು ಅಡಿಗೆ ಹೋಗು. ಹಿಂದಿನ ಲೀಫ್ ಸ್ಪ್ರಿಂಗ್‌ನ ಮುಂದಿನ ಕೊಂಡಿ ಬಾಡಿಗೆ ಸೇರುವ ಜಾಗ, ಸೀಟಿನ ಹಿಂದಿರುವ ಬ್ಯಾಟರಿ ಪೆಟ್ಟಿಗೆಗಳು, ನೆಲದ ತಗಡು ಸಿಲ್‌ಗೆ ಕೂಡುವ ಗೆರೆ, ಮುಂದಿನ ಫೆಂಡರ್‌ನ ಒಳಗೆ ಚಕ್ರದ ಕೆಸರು ತಡೆಯುವ ತಗಡು, ಇಷ್ಟನ್ನೂ ಬೆರಳಿನಿಂದ ಒತ್ತಿ ನೋಡು. ಅಡಿಗೆ ಬಳಿಯುವ ದಪ್ಪ ಕಪ್ಪು ಲೇಪ, ಅಂಡರ್‌ಸೀಲ್, ಹೊಸದಾಗಿ ಬಳಿದಿದ್ದರೆ ಅದು ಕಾಪಾಡಲು ಬಳಿದದ್ದೋ ಮುಚ್ಚಲು ಬಳಿದದ್ದೋ ಎಂದು ಅನುಮಾನಿಸಲೇಬೇಕು. ಬಣ್ಣದ ದಪ್ಪ ಅಳೆಯುವ ಮೀಟರ್ ಒಂದನ್ನು ಎರವಲು ತಂದುಕೋ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ಇರುತ್ತದೆ. ಮರುಬಣ್ಣ ಹೊಡೆದಿದ್ದರೆ 200-300 ಬರಬಹುದು, ಈ ವಯಸ್ಸಿನ ಕಾರಿಗೆ ಅದು ತಪ್ಪೇನಲ್ಲ. ಒಂದು ಜಾಗದಲ್ಲಿ ಮಾತ್ರ 1000 ದಾಟಿತೆಂದರೆ ಅಲ್ಲಿ ಪುಟ್ಟಿ ತುಂಬಿದೆ.

ಎಂಜಿನ್ ವಿಷಯಕ್ಕೆ ಬರೋಣ. "ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿರು. ಹೋದ ಕೂಡಲೇ ಬಾನೆಟ್ ಮೇಲೆ, ರೇಡಿಯೇಟರ್ ಮೇಲೆ ಕೈ ಇಟ್ಟು ತಣ್ಣಗಿದೆಯೇ ನೋಡು. ತಣ್ಣನೆಯ ಎಂಜಿನ್ ಎಲ್ಲ ಗುಟ್ಟನ್ನೂ ಬಿಟ್ಟುಕೊಡುತ್ತದೆ. ಆಕ್ಸಿಲರೇಟರ್ ಬಿಟ್ಟು ಇಳಿಜಾರಿನಲ್ಲಿ ಬಂದು ಮತ್ತೆ ಒತ್ತಿದಾಗ ನೀಲಿ ಹೊಗೆ ಬುಸ್ಸೆಂದರೆ ವಾಲ್ವ್ ಗೈಡ್ ಸವೆದಿದೆ. ಎಳೆಯುವಾಗ ಉದ್ದಕ್ಕೂ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹಬೆ ಇದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡು. ಎಂಜಿಬಿಯ 1798 ಸಿಸಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಓಟದಲ್ಲಿ ಎಣ್ಣೆಯ ಒತ್ತಡ 50-70 ಪಿಎಸ್‌ಐ ತೋರಿಸಬೇಕು. ಐಡಲ್‌ನಲ್ಲಿ 15ಕ್ಕಿಂತ ಕೆಳಗೆ ಬಿದ್ದರೆ ಬೇರಿಂಗ್‌ಗಳು ಮುಪ್ಪಾಗಿವೆ.

ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯನ್ನು ಬಿಸಿ ಎಂಜಿನ್ ಮೇಲೆ, ಎಲ್ಲ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಮಾಡಿಸು. ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ನಾಲ್ಕೂ ಸಿಲಿಂಡರ್‌ಗಳ ನಡುವಿನ ಅಂತರ ಮುಖ್ಯ, ಅದು ಶೇ. 10ರೊಳಗೆ ಇರಲಿ. ಸಿಲಿಂಡರ್‌ಗೆ ಗಾಳಿ ತುಂಬಿ ನೋಡುವ ಲೀಕ್‌ಡೌನ್ ಪರೀಕ್ಷೆ ಮಾಡಿಸಿದರೆ ಇನ್ನೂ ಒಳ್ಳೆಯದು, ಗಾಳಿ ಎಲ್ಲಿಂದ ಸೋರುತ್ತಿದೆ ಎಂದು ಕಿವಿಯೇ ಹೇಳುತ್ತದೆ. ಸೈಲೆನ್ಸರ್‌ನಲ್ಲಿ ಸುಯ್ ಎಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರ್‌ನಲ್ಲಿ ಎಂದರೆ ಇನ್‌ಲೆಟ್ ವಾಲ್ವ್, ಎಣ್ಣೆ ಹಾಕುವ ಬಾಯಲ್ಲಿ ಎಂದರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಮುಂದಿನ ಚಕ್ರವನ್ನು ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಾಡಿಸು. ಸಡಿಲ ಕಂಡರೆ ಒಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಾಡಿಸು. ಆಗ ಸಡಿಲ ಮಾಯವಾದರೆ ವೀಲ್ ಬೇರಿಂಗ್, ಹಾಗೇ ಉಳಿದರೆ ಕಿಂಗ್‌ಪಿನ್, ಅಂದರೆ ಚಕ್ರ ಎಡಬಲಕ್ಕೆ ತಿರುಗುವ ಗೂಟ. ಮೊದಲನೆಯದು ಸಣ್ಣ ಕೆಲಸ, ಎರಡನೆಯದಕ್ಕೆ ಬೆಲೆಯಲ್ಲಿ ಕಡಿತ ಕೇಳಬೇಕು. ಓವರ್‌ಡ್ರೈವ್ (ಎಂಜಿನ್ ವೇಗ ಇಳಿಸುವ ಹೆಚ್ಚುವರಿ ಗೇರ್) ಇದೆ ಎಂದು ಹೇಳಿದರೆ 3 ಮತ್ತು 4ನೇ ಗೇರ್‌ನಲ್ಲಿ ಹಾಕಿ ತೋರಿಸಲು ಹೇಳು, ಎಂಜಿನ್ ವೇಗ ತಕ್ಷಣ ಇಳಿಯಬೇಕು. ಕೆಲಸ ಮಾಡುವ ಓವರ್‌ಡ್ರೈವ್ ಎಂಜಿಬಿಯ ಬೆಲೆಯನ್ನು ನ್ಯಾಯವಾಗಿಯೇ ಏರಿಸುತ್ತದೆ. ಟೈರ್ ಸವೆದಿಲ್ಲ ಎಂದು ಸಮಾಧಾನ ಪಡಬೇಡ, ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದು. 2314 ಎಂದಿದ್ದರೆ 2014ರ 23ನೇ ವಾರ. ಹತ್ತು ವರ್ಷ ದಾಟಿದ ಟೈರ್‌ಗೆ ಬೆಲೆ ಇಲ್ಲ.

911 ಎಸ್‌ಸಿ ಬೇರೆಯೇ ಲೆಕ್ಕ. 1978ರಿಂದ 1983ರವರೆಗಿನ ಈ ಕಾರಿನ ಬಾಡಿಗೆ ಸತುವಿನ ಲೇಪ ಇರುವುದರಿಂದ ತುಕ್ಕಿನ ಕಾಟ ಕಡಿಮೆ, ಇಲ್ಲವೆಂದಲ್ಲ. ಅಲ್ಲಿ ಹಣ ನುಂಗುವುದು ಎಂಜಿನ್. ಸಿಲಿಂಡರ್ ಹೆಡ್ ಬಿಗಿಯುವ ಸ್ಟಡ್‌ಗಳು ಮುರಿದಿರಬಹುದು, ಮುರಿದರೂ ಕಾರು ಓಡುತ್ತಲೇ ಇರುತ್ತದೆ. ವಾಲ್ವ್ ಕವರ್ ಬಿಚ್ಚಿ ನೋಡದೆ ಆ ಕಾರಿಗೆ ಕೈ ಹಾಕಬೇಡ. 1984ರಿಂದ ಎಂಜಿನ್ ಒಳಗಿನ ಚೈನನ್ನು ಎಣ್ಣೆಯ ಒತ್ತಡದಲ್ಲಿ ಬಿಗಿಹಿಡಿಯುವ ಚೈನ್ ಟೆನ್ಷನರ್ ಬಂತು, ಹಳೆಯ ಎಸ್‌ಸಿಗೂ ಅದನ್ನು ಹಾಕಿಸಿದ್ದರೆ ಒಳ್ಳೆಯ ಲಕ್ಷಣ. ಅದಕ್ಕಿಂತ ಹಿಂದಿನ 2.7 ಲೀಟರ್ ಕಾರುಗಳ ಮೆಗ್ನೀಸಿಯಂ ಕ್ರ್ಯಾಂಕ್‌ಕೇಸ್‌ನಿಂದ (ಎಂಜಿನ್‌ನ ಕೆಳಗಿನ ಕವಚದಿಂದ) ಸ್ಟಡ್‌ಗಳು ಕಿತ್ತು ಬರುವುದುಂಟು. ಬೆಲೆ ಕಡಿಮೆ ಇದೆ ಎಂದು ಅದರ ಕಡೆ ಹೋಗುವ ಮುನ್ನ ಎಂಜಿನ್ ರಿಪೇರಿಯ ಬಿಲ್ ಕೈಯಲ್ಲಿದೆಯೇ ನೋಡು. ಏರ್-ಕೂಲ್ಡ್ ಪೋರ್ಷೆಯ ಎಂಜಿನ್ ಬಿಚ್ಚುವ ಖರ್ಚು ಎಂಜಿಬಿಯದಕ್ಕಿಂತ ಎಷ್ಟೋ ಪಟ್ಟು.

ಈಗ ಬೆಲೆ. ಜಾಹೀರಾತಿನಲ್ಲಿ ಕೇಳಿದ ಬೆಲೆ ಮಾರುವವರ ಆಸೆ, ಅದನ್ನು ಅಳತೆಗೋಲು ಮಾಡಿಕೊಳ್ಳಬೇಡ. ಕಳೆದ ಹನ್ನೆರಡು ತಿಂಗಳಲ್ಲಿ ನಿಜವಾಗಿ ಮಾರಾಟವಾದ ಐದಾರು ಕಾರುಗಳನ್ನು ಹುಡುಕು. ಅದೇ ಬಾಡಿ, ಅದೇ ಕಾಲದ್ದೇ ಇರಬೇಕು. ರೋಡ್‌ಸ್ಟರ್‌ಗೆ ಮೇಲ್ಛಾವಣಿ ಇರುವ ಜಿಟಿಯ ಬೆಲೆ ಹೊಂದದು, 1974ರ ಕೊನೆಗೆ ಬಂದ ರಬ್ಬರ್ ಬಂಪರ್ ಕಾರಿನ ಬೆಲೆ ಕ್ರೋಮ್ ಬಂಪರ್ ಕಾರಿಗೆ ಹೊಂದದು. ಹರಾಜಿನ ಅಂಕಿ ನೋಡುವಾಗ ಕೊಳ್ಳುವವರ ಕಮಿಷನ್ ಸೇರಿದೆಯೋ ಇಲ್ಲವೋ ಗಮನಿಸು, ಎರಡನ್ನೂ ಬೆರೆಸಿದರೆ ಲೆಕ್ಕ ಕೆಡುತ್ತದೆ. ಅತಿ ಮೇಲಿನದನ್ನೂ ಅತಿ ಕೆಳಗಿನದನ್ನೂ ತೆಗೆದುಹಾಕು, ಉಳಿದವುಗಳಲ್ಲಿ ಬಾಡಿ ಗಟ್ಟಿ ಇದ್ದು, ತಕ್ಷಣ ಯಾವ ಕೆಲಸವೂ ಬೇಡದ ಕಾರಿನ ಬೆಲೆಯನ್ನು 100 ಎಂದಿಟ್ಟುಕೋ. ಪ್ರದರ್ಶನಕ್ಕೆಂದು ಸಿಂಗರಿಸಿದ ಕಾರಿನ ಬೆಲೆ ನಿನಗೆ ಬೇಡ.

ಅಲ್ಲಿಂದ ಹಿಂದಕ್ಕೆ ಬಾ. ಉದಾಹರಣೆಗೆ ನೀನು ನೋಡಿದ ಕಾರಿಗೆ ಎರಡೂ ಸಿಲ್ ಕೆಲಸಕ್ಕೆ 25, ಕ್ಲಚ್‌ಗೆ 6, ಕ್ರೋಮ್ ಮರುಲೇಪಕ್ಕೆ 5, ಮಡಚುವ ಬಟ್ಟೆಯ ಹೊಸ ಹುಡ್‌ಗೆ 4, ಟೈರ್‌ಗೆ 3 ಬೇಕೆಂದು ಮೆಕ್ಯಾನಿಕ್ ಲಿಖಿತವಾಗಿ ಕೊಟ್ಟರು ಅನ್ನು. ಒಟ್ಟು 43. ವೆಲ್ಡಿಂಗ್ ಇರುವ ಕೆಲಸದಲ್ಲಿ ಅಂದಾಜು ದಾಟದೆ ಇರುವುದು ಅಪರೂಪ, ಅದಕ್ಕೆ ಕಾಲುಭಾಗ ಸೇರಿಸು. 54 ಆಯಿತು. ಆ ಕಾರಿನ ನ್ಯಾಯವಾದ ಬೆಲೆ 46. ಮಾರುವವರು 70 ಕೇಳಿದರೆ, "ಸಿಲ್ ಒಂದು ಬಿಟ್ಟರೆ ಎಲ್ಲ ಚೆನ್ನಾಗಿದೆ" ಎಂದರೆ, ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ನಿನ್ನ ಪಟ್ಟಿ ತೋರಿಸಿ ನಿನ್ನ ಅಂಕಿ ಹೇಳು, ಒಪ್ಪದಿದ್ದರೆ ನಮಸ್ಕಾರ ಹೇಳಿ ಬಾ. 46ಕ್ಕೆ ಸಿಕ್ಕರೂ ನನ್ನ ಮನಸ್ಸು 95 ಕೊಟ್ಟು ಗಟ್ಟಿ ಕಾರನ್ನೇ ತೆಗೆದುಕೋ ಎನ್ನುತ್ತದೆ. ಲೆಕ್ಕದಲ್ಲಿ ಎರಡೂ ಸಮ ಕಂಡರೂ, ಒಂದು ಕಾರನ್ನು ನೀನು ಮರುದಿನವೇ ಓಡಿಸುತ್ತೀಯ, ಇನ್ನೊಂದು ವರ್ಷಗಟ್ಟಲೆ ವರ್ಕ್‌ಶಾಪ್‌ನಲ್ಲಿ ಕೂರುತ್ತದೆ.

"ಇದಕ್ಕೆ ಇಷ್ಟು ಸುರಿದಿದ್ದೇನೆ" ಎಂಬ ಬಿಲ್ಲುಗಳ ಕಟ್ಟು ನೋಡಿ ಕರಗಬೇಡ. ಖರ್ಚಾದದ್ದೆಲ್ಲ ಬೆಲೆಯಾಗುವುದಿಲ್ಲ. ಹದಿನೈದು ವರ್ಷದ ಹಿಂದಿನ ರೆಸ್ಟೊರೇಷನ್ ಇಂದು ಹಳೆಯ ಕೆಲಸವೇ. ಆದರೆ ಬಿಲ್ಲುಗಳನ್ನು ಒಂದೊಂದಾಗಿ ಓದು, ಏಕೆಂದರೆ ಓಡಿದ ದೂರದ ನಿಜ ಅಲ್ಲಿರುತ್ತದೆ. ಐದಂಕಿಯ ಮೀಟರ್ 99,999 ಆದ ಮೇಲೆ ಮತ್ತೆ ಸೊನ್ನೆಗೆ ಬರುತ್ತದೆ. ಪ್ರತಿ ಬಿಲ್ಲಿನ ತಾರೀಕು ಮತ್ತು ಮೀಟರ್ ಅಂಕಿ ಒಂದು ಹಾಳೆಯಲ್ಲಿ ಬರೆದುಕೊಂಡರೆ ಎಲ್ಲಿ ತಾಳ ತಪ್ಪಿದೆ ಎಂದು ತಾನಾಗಿ ಕಾಣುತ್ತದೆ.

ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ದಾಖಲೆಯ ಜೊತೆ ನೀನೇ ಕಣ್ಣಾರೆ ಹೋಲಿಸು. ಎಂಜಿಬಿಯ ಮೂಲ ವಿವರ, ಅಂದರೆ ತಯಾರಾದ ದಿನ, ಬಣ್ಣ, ಎಂಜಿನ್ ನಂಬರ್, ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕೊಡುವ ಹೆರಿಟೇಜ್ ಸರ್ಟಿಫಿಕೇಟ್‌ನಲ್ಲಿ ಸಿಗುತ್ತದೆ. ಎಂಜಿಬಿಯಲ್ಲಿ ಎಂಜಿನ್ ಬದಲಾಗಿದ್ದರೆ ಬೆಲೆ ಅಷ್ಟೇನೂ ಕುಸಿಯದು. 911ರಲ್ಲಿ ಅಥವಾ ಜಾಗ್ವಾರ್ ಇ-ಟೈಪ್‌ನಲ್ಲಿ ಬದಲಾಗಿದ್ದರೆ ದೊಡ್ಡ ವ್ಯತ್ಯಾಸ, ಅಲ್ಲಿ ನಂಬರ್ ಒತ್ತಿದ ಜಾಗದಲ್ಲಿ ಉಜ್ಜಿದ ಗುರುತಿದೆಯೇ ಎಂದೂ ನೋಡಬೇಕು. ದಾಖಲೆಯ ನಂಬರ್ ಒಂದಕ್ಷರ ಹೊಂದದಿದ್ದರೂ, ಅದು ಸರಿಯಾಗುವವರೆಗೆ ಮುಂಗಡ ಕೊಡಬೇಡ. ಕೊಡುವಾಗಲೂ "ತಪಾಸಣೆಯಲ್ಲಿ ಒಪ್ಪಿಗೆಯಾಗದಿದ್ದರೆ ಹಣ ವಾಪಸ್" ಎಂದು ಬರೆಸಿಕೋ. ತಪಾಸಣೆ ಮಾಡುವವರು ಆ ಮಾಡೆಲ್‌ನಲ್ಲೇ ಪಳಗಿದವರಾಗಿರಲಿ, ಮಾರುವವರು ಸೂಚಿಸಿದವರು ಬೇಡ.

ಕೊಂಡ ಬೆಲೆಯ ಶೇ. 15ರಷ್ಟನ್ನು ಮೊದಲ ವರ್ಷಕ್ಕೆಂದು ಬೇರೆ ಎತ್ತಿಡು. ಕಾರು ಮನೆಗೆ ಬಂದ ಮೇಲೆ ಬಹಳ ದಿನ ನಿಂತಿದ್ದ ಕಾರು ಎಂದೇ ತಿಳಿದು ಬ್ರೇಕ್ ಹೋಸ್‌ಗಳನ್ನೂ ಪೆಟ್ರೋಲ್ ಹೋಸ್‌ಗಳನ್ನೂ ಬದಲಿಸು. ಬ್ರೇಕ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉಬ್ಬಿ ಬ್ರೇಕ್ ಹಿಡಿದುಕೊಳ್ಳುವಂತೆ ಮಾಡುತ್ತದೆ, ಹಳೆಯ ರಬ್ಬರಿನ ಪೆಟ್ರೋಲ್ ಹೋಸನ್ನು ಎಥೆನಾಲ್ ಬೆರೆತ ಇಂಧನ ತಿಂದುಹಾಕುತ್ತದೆ, ಬೆಂಕಿ ಹತ್ತುವುದು ಅಲ್ಲಿಂದಲೇ. ಬ್ರೇಕ್ ಆಯಿಲ್ ನೀರು ಹೀರುವ ಗುಣದ್ದು, ಹೊಸದು ತುಂಬಿಸಿ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಿರು. ವಿಮೆಯನ್ನು ಮೊದಲೇ ಒಪ್ಪಿದ ಮೌಲ್ಯಕ್ಕೆ ಮಾಡಿಸು, ಹಳೆಯ ಕಾರೆಂದು ಸವಕಳಿ ಕಳೆದು ಕೊಡುವ ಪಾಲಿಸಿ ಇಂಥ ಕಾರಿಗೆ ಉಪಯೋಗವಿಲ್ಲ. ತಪಾಸಣೆಯ ವರದಿ ಬಂದ ಕೂಡಲೇ ನನಗೂ ಒಂದು ಪ್ರತಿ ಕಳಿಸು, ಕಡಿತದ ಪಟ್ಟಿಯನ್ನು ಇಬ್ಬರೂ ಕೂತು ಮಾಡೋಣ.

ಇತಿ ನಿನ್ನ ಪ್ರೀತಿಯ,
ದೊಡ್ಡಪ್ಪ