ಬೂದಿದಿಬ್ಬ: ಜೆಸಿಬಿಗಿಂತ ಮೊದಲು ಬರಬೇಕಾದವರು ಎಲ್ಲಿದ್ದರು?

ಮಾನ್ಯ ಸಂಪಾದಕರೇ,

ನಮ್ಮೂರಿನ ಬೂದಿದಿಬ್ಬದ ಅಂಚನ್ನು ಬೈಪಾಸ್ ಕಾಮಗಾರಿಯ ಜೆಸಿಬಿ ಕೆರೆದು ಹಾಕಿದ ಸುದ್ದಿ ನಿನ್ನೆಯ ಸಂಚಿಕೆಯಲ್ಲಿ ಬಂದಿದೆ. ಆಗಿರುವುದು ‘ಅಲ್ಪ ಪ್ರಮಾಣದ ಹಾನಿ’ ಎಂದು ಅಧಿಕಾರಿಯೊಬ್ಬರು ಹೇಳಿದ್ದನ್ನು ಓದಿ ಮೈ ಉರಿಯಿತು. ದಿಬ್ಬದಿಂದ ಇನ್ನೂರು ಹೆಜ್ಜೆ ದೂರದಲ್ಲಿ ನನ್ನ ಹೊಲವಿದೆ. ಮೂರು ಟಿಪ್ಪರ್ ಬೂದಿ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾಲ್ಕನೆಯದಕ್ಕೆ ಅಡ್ಡ ನಿಂತಾಗ ಚಾಲಕ, ‘ಬರೀ ಬೂದಿಗೆ ಯಾಕೆ ಜಗಳ ಯಜಮಾನ್ರೇ?’ ಎಂದ. ಅವನನ್ನು ನಾನು ದೂರುವುದಿಲ್ಲ. ಅದೇನೆಂದು ಅವನಿಗೆ ತಿಳಿಸಬೇಕಾದ ಒಬ್ಬರೂ ಅಲ್ಲಿರಲಿಲ್ಲ.

ಅದು ಬರೀ ಬೂದಿಯಲ್ಲ. ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆ ದನ ಸಾಕಿಕೊಂಡು ಬದುಕಿದ ನವಶಿಲಾಯುಗದ ಜನ, ದೊಡ್ಡಿಯ ಸಗಣಿಯನ್ನು ಒಟ್ಟಿ ಮತ್ತೆ ಮತ್ತೆ ಸುಟ್ಟಿದ್ದರಿಂದ ಪದರ ಪದರವಾಗಿ ಬೆಳೆದ ದಿಬ್ಬ ಅದು. ಕೆಲವೆಡೆ ಬೆಂಕಿಯ ಕಾವಿಗೆ ಕರಗಿ ಕಿಟ್ಟದಂತೆ ಗಟ್ಟಿಯಾಗಿದೆ. ನಮ್ಮ ಹಿರಿಯರು ಅದನ್ನು ರಕ್ಕಸರನ್ನು ಸುಟ್ಟ ಬೂದಿ ಎನ್ನುತ್ತಿದ್ದರು. ಹಂಪಿಯ ಹತ್ತಿರದ ನಿಂಬಾಪುರದಲ್ಲಿ ಇಂಥದೇ ಬೂದಿಯನ್ನು ವಾಲಿಯ ಚಿತೆಯದೆಂದು ತೋರಿಸುತ್ತಾರೆ. ಇಂಥ ದಿಬ್ಬಗಳಲ್ಲಿರುವುದು ಸಗಣಿಯ ಬೂದಿಯೆಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಗುರುತಿಸಿದ್ದರು. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬವನ್ನು ಅಗೆದಾಗ ದೊಡ್ಡಿಯ ಗೂಟ ನೆಟ್ಟಿದ್ದ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಸಿಕ್ಕವು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಪದ್ದಯ್ಯನವರು ದಿಬ್ಬದ ಪಕ್ಕದಲ್ಲೇ ಜನ ವಾಸವಿದ್ದ ನೆಲೆಯನ್ನೂ ದನ ಕಡಿಯುತ್ತಿದ್ದ ಜಾಗವನ್ನೂ ಬೆಳಕಿಗೆ ತಂದರು. ಇಂಥ ಗೊರಸಿನ ಗುರುತು ಕರಣೆ, ಕುಂಚ ಹಿಡಿದು ಕುಳಿತವರಿಗೆ ಕಾಣುತ್ತದೆಯೇ ಹೊರತು ಜೆಸಿಬಿಯ ಬಕೆಟ್ಟಿಗೆ ಕಾಣುವುದಿಲ್ಲ.

ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ. ಐರ್ಲೆಂಡಿನಲ್ಲಿ ಹೆದ್ದಾರಿಯ ಜಾಡಿನಲ್ಲಿ ಸುಟ್ಟ ಕಲ್ಲುಗಳ ಪ್ರಾಚೀನ ದಿಬ್ಬಗಳು ಮೇಲಿಂದ ಮೇಲೆ ಸಿಗುತ್ತವೆ. ಅಲ್ಲಿ ಯಂತ್ರಕ್ಕಿಂತ ಮೊದಲು ಪುರಾತತ್ವಜ್ಞರು ಬಂದು, ಅಗೆದು, ಅಳೆದು, ದಾಖಲಿಸಿದ ಮೇಲೆಯೇ ರಸ್ತೆ ಮುಂದುವರಿಯುತ್ತದೆ, ಅದರ ಖರ್ಚೂ ರಸ್ತೆ ಯೋಜನೆಯದೇ. ಇಲ್ಲಿ ಎಲ್ಲವೂ ತಿರುವುಮುರುವು. ವರದಿ ಬಂದ ಮೇಲೆ ಕೆಲಸ ನಿಂತಿದೆ, ಉತ್ಖನನಕ್ಕೆ ಯಾರೂ ಬಂದಿಲ್ಲ. ಹಳೆಯ ದಾರಿಯನ್ನು ಕಿತ್ತಿದ್ದಾರೆ, ಹೊಸದು ಆಗಿಲ್ಲ. ಬಸ್ಸು ಊರೊಳಗೆ ಬರುತ್ತಿಲ್ಲವಾದ್ದರಿಂದ ನನ್ನ ಮೊಮ್ಮಗಳು ಶಾಲೆಗೆ ಎರಡು ಕಿಲೋಮೀಟರ್ ಧೂಳಿನಲ್ಲಿ ನಡೆಯುತ್ತಾಳೆ. ಮಂಡಿ ನೋವಿನ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಆಟೊದವನಿಗೆ ನಾನೂರು ರೂಪಾಯಿ ಕೊಟ್ಟೆ. ಕಣದಲ್ಲಿ ಹರಡಿದ್ದ ಮೆಣಸಿನಕಾಯಿಯ ಮೇಲೆ ಬೂದಿ ಕೂತು, ಬಣ್ಣ ಮಾಸಿದೆಯೆಂದು ದಲಾಲರು ದರ ಇಳಿಸಿದರು. ಇದನ್ನೂ ‘ಅಲ್ಪ ಪ್ರಮಾಣದ ಹಾನಿ’ಯ ಲೆಕ್ಕಕ್ಕೆ ಸೇರಿಸುತ್ತಾರೆಯೇ?

ದಿಬ್ಬಕ್ಕೆ ಒಂದು ಫಲಕ, ಸುತ್ತ ಒಂದು ತಂತಿಬೇಲಿ ಹಾಕಿಸಿಕೊಡಿ ಎಂದು ಎಂಟು ವರ್ಷಗಳ ಹಿಂದೆ ಅರ್ಜಿ ಕೊಟ್ಟಿದ್ದೆ. ಒಂದು ಕಚೇರಿಯವರು ಪಹಣಿ ತನ್ನಿ ಎಂದರು. ತಂದು ಕೊಟ್ಟಾಗ, ಇದು ನಮಗೆ ಬರುವುದಿಲ್ಲವೆಂದು ಇನ್ನೊಂದು ಕಚೇರಿಗೆ ಕಳಿಸಿದರು. ಅಲ್ಲಿಯವರು ದಿಬ್ಬ ರಕ್ಷಿತ ಪಟ್ಟಿಯಲ್ಲಿಲ್ಲ ಎಂದರು. ಕೇಂದ್ರದ ರಕ್ಷಿತ ಸ್ಮಾರಕವಾಗಿದ್ದರೆ ಸುತ್ತ 100 ಮೀಟರ್ ನಿರ್ಮಾಣಕ್ಕೆ ನಿಷೇಧವಿರುತ್ತದೆ. ಪಟ್ಟಿಗೆ ಸೇರಿಸಬೇಕಾದವರೇ ಸೇರಿಸದೆ ಕುಳಿತು, ಪಟ್ಟಿಯಲ್ಲಿಲ್ಲ ಎಂದು ನಮಗೇ ಹೇಳುವುದು ಯಾವ ನ್ಯಾಯ? ರಸ್ತೆಯ ಸರ್ವೆಗೆ ಬಂದವರೂ ಅದೇ ದಿಬ್ಬದ ಮೇಲೆ ನಿಂತು ಗೂಟ ನೆಟ್ಟರು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಊರಿನವರ ಮಾತಿಗೆ ಇವರಲ್ಲಿ ಎಂದೂ ಬೆಲೆ ಸಿಕ್ಕಿಲ್ಲ.

ಆದ್ದರಿಂದ ದಿಬ್ಬದ ಉತ್ಖನನ ಪೂರ್ತಿಯಾಗುವವರೆಗೆ ಅಲ್ಲಿ ಒಂದು ಬುಟ್ಟಿ ಮಣ್ಣನ್ನೂ ಎತ್ತಬಾರದು. ಮಳೆಗಾಲಕ್ಕೆ ಮುಂಚೆ ನಮ್ಮ ರಸ್ತೆಯೂ ಆಗಬೇಕು. ಎರಡೂ ಹೇಗಾಗುತ್ತದೆಂದು ನಮ್ಮನ್ನು ಕೇಳಬೇಡಿ, ಎಂಟು ವರ್ಷ ಸಮಯವಿತ್ತು. ಟಿಪ್ಪರ್‌ಗಳು ಸುರಿದ ಬೂದಿ ಈಗಲೂ ಹಳ್ಳದ ಸೇತುವೆಯ ಪಕ್ಕದಲ್ಲಿ ಬಿದ್ದಿದೆ, ಅದರಲ್ಲಿ ಮಡಕೆಯ ಚೂರುಗಳೂ ಮೂಳೆಯ ತುಂಡುಗಳೂ ಕಾಣುತ್ತಿವೆ. ರೋಲರ್ ಹಾಯಿಸುವ ಮೊದಲು ಅದನ್ನಾದರೂ ಯಾರಾದರೂ ಬಂದು ಜರಡಿ ಹಿಡಿಯಲಿ.

– ಒಬ್ಬ ರೈತ, ಬಳ್ಳಾರಿ ಜಿಲ್ಲೆ