ಕಾವಲುಗಾರನಿಗೆ ನೆನಪಿಲ್ಲ

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ, ಕಳಿಸಿದ್ದ ವಿಡಿಯೋ ಗೇಮ್ ಡೆಮೊ ಕೂಡ ಆಡಿದೆ. "ಅಕ್ಕಾ, ರೋಲ್-ಪ್ಲೇಯಿಂಗ್ ಆಟಕ್ಕೆ ಕಥೆ ಗಟ್ಟಿ ಇದ್ದರೆ ಸಾಕು, ಆಟವನ್ನು ಒಳಗಿನಿಂದ ನಡೆಸುವ ಎಂಜಿನ್ ಚಿಂತೆ ಪ್ರೋಗ್ರಾಮರ್‌ಗಳದ್ದು" ಅಂತ ಬರೆದಿದ್ದೀಯಲ್ಲ, ಅದಕ್ಕೇ ಈ ಪತ್ರ.

ನಿನ್ನ ವಯಸ್ಸಲ್ಲಿ ನನ್ನ ವಾದವೂ ಇದೇ. ಸಾಕ್ಷಿಗೆ 1999ರ 'ಪ್ಲೇನ್‌ಸ್ಕೇಪ್: ಟಾರ್ಮೆಂಟ್' ಅನ್ನುವ ಆಟ ಇತ್ತು. ಬಯೋವೇರ್ ಕಂಪನಿ ತನ್ನ 'ಬಾಲ್ಡರ್ಸ್ ಗೇಟ್' ಆಟಕ್ಕಾಗಿ ಕಟ್ಟಿದ್ದ ಇನ್ಫಿನಿಟಿ ಎಂಜಿನ್ನನ್ನೇ ಎರವಲು ತಂದು, ಬ್ಲ್ಯಾಕ್ ಐಲ್ ಸ್ಟುಡಿಯೋದವರು ಅದರ ಮೇಲೆ ಲಕ್ಷಗಟ್ಟಲೆ ಪದಗಳ ಮಾತುಕತೆ ಹೇರಿದರು. ಕಾದಾಟ ಸಪ್ಪೆ, ಆದರೂ ಜನ ಇವತ್ತಿಗೂ ಮರೆತಿಲ್ಲ. ಇದನ್ನು ಹೇಳಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದೆ. ಕವಲೊಡೆಯುತ್ತ ಹೋಗುವ ಅಷ್ಟೊಂದು ಮಾತನ್ನು ಆ ಎಂಜಿನ್ ಸದ್ದಿಲ್ಲದೆ ಹೊತ್ತಿತ್ತು ಅನ್ನುವುದು ಮಾತ್ರ ಹೊಳೆದಿರಲಿಲ್ಲ.

ಹೊರಲಾರದೆ ಹೋದರೆ ಏನಾಗುತ್ತದೆ ಅಂತ ತಿಳಿಯಬೇಕಾದರೆ 'ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್' ನೋಡು. ಬರವಣಿಗೆ ಅಂದರೆ ಅದು! ಹುಚ್ಚಿನ ಶಾಪ ಹೊತ್ತ ಮಾಲ್ಕೇವಿಯನ್ ಕುಲವನ್ನು ಆರಿಸಿಕೊಂಡರೆ ನಿನ್ನ ಪಾತ್ರ ಆಡುವ ಮಾತೆಲ್ಲ ಬೇರೆಯೇ. ಮುಂದೆ ನಡೆಯುವ ಸಂಗತಿಗಳು ಒಗಟಾಗಿ ಮೊದಲೇ ಬಾಯಿಗೆ ಬಂದುಬಿಡುತ್ತವೆ. ಆದರೆ ಟ್ರೊಯ್ಕಾ ಕಂಪನಿಯವರು ಅದನ್ನು ಕಟ್ಟಿದ್ದು ವಾಲ್ವ್ ಕಂಪನಿಯ ಸೋರ್ಸ್ ಎಂಜಿನ್ ಮೇಲೆ, ಅದೂ ಎಂಜಿನ್ನೇ ಇನ್ನೂ ತಯಾರಾಗುತ್ತಿದ್ದಾಗ. 2004ರ ನವೆಂಬರ್‌ನಲ್ಲಿ, 'ಹಾಫ್-ಲೈಫ್ 2' ಬಂದ ದಿನವೇ, ಕಂತೆ ಕಂತೆ ಬಗ್‌ಗಳ ಸಮೇತ ಅದೂ ಬಂತು. ಮರುವರ್ಷ ಟ್ರೊಯ್ಕಾ ಮುಚ್ಚಿತು. ಆಟವನ್ನು ಬದುಕಿಸಿದ್ದು ವರ್ಷಾನುಗಟ್ಟಲೆ ಕೂತು ಆ ದೋಷಗಳನ್ನು ತಿದ್ದುವ ಪ್ಯಾಚ್ ಬರೆದ ಅಭಿಮಾನಿಗಳು. ಆ ಸಾಲುಗಳನ್ನು ಬರೆದವರ ಹೊಟ್ಟೆ ಎಷ್ಟು ಉರಿದಿರಬೇಕು ಅಂತ ಆಗಾಗ ಅಂದುಕೊಳ್ಳುತ್ತೇನೆ.

ಹಾಗಂತ ಕೂದಲೆಳೆ ಎಳೆಯಾಗಿ ಕಾಣುವ ಗ್ರಾಫಿಕ್ಸ್ ಬೆನ್ನು ಹತ್ತು ಅನ್ನುತ್ತಿಲ್ಲ. 'ಸೈಬರ್‌ಪಂಕ್ 2077' ಹಳೆಯ ಕನ್ಸೋಲ್‌ಗಳಲ್ಲಿ ಎಷ್ಟು ತಡವರಿಸಿತೆಂದರೆ, 2020ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಸುಮಾರು ಒಂದು ವಾರಕ್ಕೇ ಸೋನಿ ಅದನ್ನು ಪ್ಲೇಸ್ಟೇಷನ್ ಅಂಗಡಿಯಿಂದ ಇಳಿಸಿತು. ಅದಕ್ಕಿಂತ ನನಗೆ 'ಫಾಲ್‌ಔಟ್ 3'ರ ಕಳ್ಳಾಟವೇ ಇಷ್ಟ. 'ಬ್ರೋಕನ್ ಸ್ಟೀಲ್' ಅನ್ನುವ ಅದರ ಮುಂದಿನ ಭಾಗದಲ್ಲಿ ಒಂದು ಮೆಟ್ರೋ ಪ್ರಯಾಣ ಬೇಕಿತ್ತು, ಎಂಜಿನ್‌ಗೆ ರೈಲು ಓಡಿಸಲು ಬರುತ್ತಿರಲಿಲ್ಲ. ಬೋಗಿಯನ್ನೇ ಪಾತ್ರಕ್ಕೆ ತೊಡಿಸುವ ಕವಚದ ಹಾಗೆ ಮಾಡಿ ತೊಡಿಸಿಬಿಟ್ಟರು! ಆಡುವವರಿಗೆ ರೈಲಿನಲ್ಲಿ ಕೂತ ಹಾಗೇ ಇತ್ತು.

ನಾವು ಬರೆಯುವವರು ಜಗಳವಾಡಿಯಾದರೂ ಮೊದಲು ಕೇಳಿ ಪಡೆಯಬೇಕಾದದ್ದು ನೆನಪು. 2023ರ 'ಬಾಲ್ಡರ್ಸ್ ಗೇಟ್ 3'ರಲ್ಲಿ ಹೆಣವನ್ನು ಮಾತಾಡಿಸುವ ಮಂತ್ರವಿದೆ. ಕೊಂದವಳು ನೀನೇ ಆಗಿದ್ದರೆ ಹೆಣ ತುಟಿ ಬಿಚ್ಚುವುದಿಲ್ಲ. ವೇಷ ಮರೆಸಿಕೊಂಡು ಹೋದರೆ ಬಿಚ್ಚುತ್ತದೆ. ನನಗೆ ಮೈ ಜುಮ್ಮೆಂದಿತ್ತು. ಯಾರು ಯಾರನ್ನು ಕೊಂದರು, ಈಗ ಯಾರ ಮುಖ ಹೊತ್ತು ನಿಂತಿದ್ದಾರೆ ಅಂತ ಒಳಗೆ ಲೆಕ್ಕ ಇಡುವ ವ್ಯವಸ್ಥೆ ಇರದಿದ್ದರೆ, ಎಂಥ ಲೇಖಕಿಯಾದರೂ ಆ ಮೌನವನ್ನು ಬರೆಯಲಾರಳು.

ಕನ್ನಡದಲ್ಲಿ ಬರೆಯುವ ನಮ್ಮದು ಇನ್ನೊಂದು ಪಾಡು. ನನ್ನ ಮೊದಲ ಕನ್ನಡ ಆಟದಲ್ಲಿ ತಾಯಿ ಸಾಯುವ ದೃಶ್ಯ. ತೆರೆಯ ಮೇಲೆ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡು 'ಅಮ್ಮ' ಹೋಗಿ 'ಅಮ್‌ಮ' ಆಗಿತ್ತು. ಟೆಸ್ಟಿಂಗ್‌ಗೆ ಕೂತ ಹುಡುಗರು ಬಿದ್ದು ಬಿದ್ದು ನಕ್ಕರು. ಒತ್ತುಗಳನ್ನು ಸರಿಯಾಗಿ ಕೂರಿಸುವ ಹಾರ್ಫ್‌ಬಜ್‌ನಂಥ ಲೈಬ್ರರಿ ಎಂಜಿನ್‌ನಲ್ಲಿ ಇದೆಯಾ ಅಂತ ಕೇಳಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ನೀನು ಮೊದಲ ದಿನವೇ ಕೇಳು.

ಇನ್ನು ನಿನ್ನ ಡೆಮೊ. ಕೋಟೆ ಬಾಗಿಲ ಕಾವಲುಗಾರನ ತಮ್ಮನನ್ನು ನಾನು ಹಿಂದಿನ ಹಳ್ಳಿಯಲ್ಲೇ ಕೊಂದು ಬಂದಿದ್ದೆ. ಕಾವಲುಗಾರ ನನ್ನ ಕಂಡು ನಗುತ್ತಾ, "ಹಳ್ಳಿ ಕಡೆಯಿಂದ ಬಂದ್ರಾ? ನನ್ನ ತಮ್ಮ ಹೇಗಿದ್ದಾನೆ?" ಅಂದ. ಹಳ್ಳಿಯಲ್ಲಿ ನೀನು ಅಷ್ಟು ಚೆಂದ ಬರೆದಿದ್ದ ಸಾವು ಆ ಒಂದು ಪ್ರಶ್ನೆಗೆ ನೀರುಪಾಲಾಯಿತು. ಪ್ರೋಗ್ರಾಮರ್ ಪಕ್ಕ ಕೂತು ಆ ತಮ್ಮ ಸತ್ತನೋ ಇಲ್ಲವೋ ಅಂತ ನೆನಪಿಡುವ ಒಂದು ಫ್ಲ್ಯಾಗ್ ಹಾಕಿಸು, ಕಾವಲುಗಾರನಿಗೆ ಇನ್ನೆರಡು ಸಾಲು ಬರೆ. ಭಾನುವಾರದೊಳಗೆ ಕಳಿಸಿದರೆ ಎರಡು ಸಲ ಆಡುತ್ತೇನೆ, ಒಮ್ಮೆ ಅವನ ತಮ್ಮನನ್ನು ಬದುಕಲು ಬಿಟ್ಟು.

ಇಂತಿ,
ನಿನ್ನಕ್ಕ